ಭತ್ತದ ಬೇರು ನೋಡೋದು ಹೇಗೆ: ಮೊಳಕೆ ತಟ್ಟೆಯಿಂದ ಗದ್ದೆ ಗುಂಡಿವರೆಗೆ

ನಮ್ಮ ಗದ್ದೆ ಇರೋದು ನಾಲೆ ಕೊನೇಲಿ. ಕಟ್ಟು ನೀರಿನ ಲೆಕ್ಕ, ನಮ್ಮ ಸರದಿ ಬರೋ ಹೊತ್ತಿಗೆ ಎಷ್ಟೋ ಸಲ ಮಣ್ಣು ಬಿರುಕು ಬಿಟ್ಟಿರುತ್ತೆ. ಒಂದು ವರ್ಷ ಹೀಗೇ ನೀರು ತಡ ಆಯ್ತು, ಆಗ ಬದುವಿನ ಈ ಕಡೆ ಹಾಕಿದ್ದ ತಳಿ ಬೆಳಗ್ಗೆ ಹತ್ತು ಗಂಟೆಗೇ ಎಲೆ ಸುರುಳಿ ಸುತ್ಕೊಂಡು ಸೂಜಿ ಥರ ನಿಂತಿತ್ತು, ಆ ಕಡೆ ಇದ್ದದ್ದು ಮಧ್ಯಾಹ್ನ ಆದ್ರೂ ಎಲೆ ಬಿಚ್ಕೊಂಡೇ ಇತ್ತು. ಒಂದೇ ಮಣ್ಣು, ಒಂದೇ ಗೊಬ್ಬರ, ಎರಡೂ ಒಂದೇ ದಿನ ನಾಟಿ ಮಾಡಿದ್ದು. ನಾನು ಎಲೆ ಹಿಡ್ಕೊಂಡು ಯೋಚ್ನೆ ಮಾಡ್ತಾ ಇದ್ರೆ ಅಪ್ಪ "ಬುಡ ಅಗೆದು ನೋಡು ಮೊದ್ಲು" ಅಂದ್ರು. ಅಗೆದೆ. ಒಂದರ ಬೇರು ತಟ್ಟೆ ಥರ ಮೇಲೇ ಹರಡಿತ್ತು, ಇನ್ನೊಂದು ಗಟ್ಟಿ ಮಣ್ಣಿನವರೆಗೂ ನೆಟ್ಟಗೆ ಇಳಿದಿತ್ತು. ಅವತ್ತಿಂದ ಯಾವ ತಳಿ ತಂದ್ರೂ ನಾನು ಬೇರು ನೋಡದೆ ಎಕರೆಗಟ್ಟಲೆ ಹಾಕಲ್ಲ.

ಬಿತ್ತನೆ ಬೀಜದ ಚೀಲದ ಮೇಲೆ ಎಷ್ಟು ದಿನದ ತಳಿ, ಎಷ್ಟು ಕ್ವಿಂಟಾಲ್ ಬರುತ್ತೆ, ಯಾವ ರೋಗ ತಡಿಯುತ್ತೆ ಎಲ್ಲಾ ಇರುತ್ತೆ, ಬೇರಿನ ಬಗ್ಗೆ ಮಾತ್ರ ಒಂದಕ್ಷರ ಇರಲ್ಲ. ಹಾಗಾಗಿ ನಾವೇ ನೋಡ್ಕೋಬೇಕು, ಇದಕ್ಕೆ ಲ್ಯಾಬ್ ಏನೂ ಬೇಡ. ಎರಡು ತಳಿಯ ಬೀಜ, ಸ್ವಲ್ಪ ಟಿಶ್ಯೂ ಪೇಪರ್, ಅರ್ಧ ಗೋಳದ ಆಕಾರದ ಜಾಲರಿ, ಒಂದು ಪಿವಿಸಿ ಪೈಪು, ಒಂದು ಸಲಿಕೆ, ಒಂದು ಭೂತಗನ್ನಡಿ ಇದ್ರೆ ಸಾಕು. ಎರಡು ತಳಿ ಅಂತ ಯಾಕಂದೆ ಅಂದ್ರೆ ಒಂದೇ ತಳಿ ನೋಡಿದ್ರೆ ಅದರ ಬೇರು ಆಳಾನಾ ಮೇಲಾನಾ ಅಂತ ಹೇಳೋಕೆ ಆಗಲ್ಲ, ಪಕ್ಕದಲ್ಲಿ ಹೋಲಿಸೋಕೆ ಇನ್ನೊಂದು ಇರ್ಲೇಬೇಕು. ನೀವು ನೀರು ನಿಲ್ಲಿಸಿ ಬೆಳೆಯೋ ತಳಿ ಒಂದು, ಕೂರಿಗೆಯಲ್ಲಿ ಒಣ ಬಿತ್ತನೆ ಮಾಡೋ ನಾಡ ತಳಿ ಒಂದು ಇಟ್ಕೊಂಡ್ರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತೆ. ಪ್ರತಿ ತಳಿದೂ ಕನಿಷ್ಠ ಹತ್ತು ಬೀಜ ಹಾಕಿ, ಯಾಕಂದ್ರೆ ಒಂದೇ ತಳಿಯಲ್ಲೂ ಗಿಡದಿಂದ ಗಿಡಕ್ಕೆ ಸ್ವಲ್ಪ ಏರುಪೇರು ಇದ್ದೇ ಇರುತ್ತೆ.

ಮೊದಲ ಹೆಜ್ಜೆ: ಮೊಳಕೆ ಬರಿಸಿ

ಬೀಜ ಒಂದು ದಿನ ನೀರಲ್ಲಿ ನೆನೆಸಿ, ಆಮೇಲೆ ಒದ್ದೆ ಟಿಶ್ಯೂ ಪೇಪರ್ ಮಧ್ಯೆ ಸಾಲಾಗಿಟ್ಟು ಸಡಿಲವಾಗಿ ಸುತ್ತಿ, ಒಂದು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ, ತಳದಲ್ಲಿ ಒಂದು ಬೆರಳಷ್ಟು ನೀರಿರ್ಲಿ. ಒಂದೆರಡು ದಿನಕ್ಕೆ ಬೀಜದ ತುದಿಯಿಂದ ಬಿಳಿ ಬೇರು ಒಂದೇ ಒಂದು ಬರುತ್ತೆ. ಇದು ಬೀಜದ ಬೇರು. ತೊಗರಿ, ಹತ್ತಿ ಥರ ಇದೇ ಮುಂದೆ ತಾಯಿಬೇರು ಆಗುತ್ತೆ ಅಂದ್ಕೋಬೇಡಿ, ಭತ್ತದಲ್ಲಿ ಇದರ ಕೆಲಸ ಮೊದಲ ಕೆಲವು ವಾರಕ್ಕೆ ಮಾತ್ರ. ಆಮೇಲೆ ಗಿಡವನ್ನ ಹೊರೋದು, ಸಾಕೋದು ಎಲ್ಲಾ ಕಾಂಡದ ಬುಡದ ಗೆಣ್ಣುಗಳಿಂದ ಬರೋ ಬೇರುಗಳು. ಇವನ್ನ ನಾನು ಗೆಣ್ಣು ಬೇರು ಅಂತೀನಿ, ಪುಸ್ತಕದಲ್ಲಿ ಕ್ರೌನ್ ರೂಟ್ ಅಂತಾರೆ.

ಇದರ ಜೊತೆಗೇ ಇನ್ನೊಂದು ಲೋಟದಲ್ಲಿ ಅದೇ ಬೀಜ ಹಾಕಿ ಮೇಲೆ ಒಂದು ಗೇಣು ನೀರು ನಿಲ್ಲಿಸಿ ನಾಲ್ಕೈದು ದಿನ ಬಿಡಿ. ಅಲ್ಲಿ ಬೇರು ಬರೋ ಬದಲು ಬಿಳಿ ಮೊಳಕೆ ಕವಚ ಉದ್ದುದ್ದ ಮೇಲಕ್ಕೆ ಹೋಗುತ್ತೆ, ಬೇರು ಇರೋದೇ ಇಲ್ಲ ಅಥವಾ ತೀರಾ ಚೂರು ಇರುತ್ತೆ. ನೀರಿನ ಒಳಗೆ ಆಮ್ಲಜನಕ ಕಮ್ಮಿ, ಹಾಗಾಗಿ ಬೀಜ ತನ್ನ ಹತ್ರ ಇರೋ ಶಕ್ತಿಯನ್ನೆಲ್ಲಾ ಮೊದಲು ಗಾಳಿ ಹುಡುಕೋಕೆ ಹಾಕುತ್ತೆ, ಬೇರನ್ನ ಆಮೇಲೆ ನೋಡ್ಕೊಳ್ಳೋಣ ಅಂತ ಬಿಟ್ಬಿಡುತ್ತೆ. ಚೆಲ್ಲು ಬಿತ್ತನೆ ಮಾಡಿದ ಮಾರನೇ ದಿನ ಜೋರು ಮಳೆ ಬಂದು ನೀರು ನಿಂತ್ರೆ ಸಸಿ ನೆಲ ಹಿಡಿಯದೆ ತೇಲೋದು ಇದಕ್ಕೇ. ಮೊಳಕೆ ನೆಲ ಹಿಡಿಯೋವರೆಗೆ ನೀರು ಬಸಿದು ಹೋಗೋ ಹಾಗೆ ಕಾಲುವೆ ತೆಗೀಬೇಕು ಅಂತ ಹಿರಿಯರು ಹೇಳೋದು ಎಷ್ಟು ಸರಿ ಅಂತ ಈ ಎರಡು ಲೋಟ ಪಕ್ಕ ಪಕ್ಕ ಇಟ್ಟು ನೋಡಿದ್ರೆ ತಿಳಿಯುತ್ತೆ, ನಮ್ಮ ಮನೆ ಮಕ್ಕಳಿಗೆ ನಾನು ಮೊದಲು ತೋರಿಸೋದೇ ಇದನ್ನ.

ಎರಡನೇದು: ಬೇರನ್ನ ಅಡ್ಡ ಮಲಗಿಸಿ

ಪೇಪರ್ ಸುರುಳಿಯಲ್ಲಿ ಬೇರು ಎರಡು ಮೂರು ಸೆಂಟಿಮೀಟರ್ ಆದಾಗ, ಬೆಳಗ್ಗೆ ಆ ಲೋಟದಿಂದ ಸುರುಳಿ ತೆಗೆದು ಅಡ್ಡಕ್ಕೆ ಮಲಗಿಸಿ, ಒದ್ದೆ ಆರದ ಹಾಗೆ ಪ್ಲಾಸ್ಟಿಕ್ ಕವರಲ್ಲಿ ಮುಚ್ಚಿ. ಸಂಜೆ ಬಿಚ್ಚಿ ನೋಡಿ, ತುದಿ ನೆಲದ ಕಡೆಗೆ ಬಾಗಿರುತ್ತೆ. ಕೆಳಗೆ ಯಾವ ಕಡೆ ಅಂತ ಬೇರಿಗೆ ಗೊತ್ತಾಗೋದು ತುದಿಯ ಟೋಪಿಯಲ್ಲಿರೋ ಪಿಷ್ಟದ ಕಣಗಳಿಂದ. ಅವು ಭಾರ, ಯಾವ ಕಡೆ ತಿರುಗಿಸಿದ್ರೂ ಜೀವಕೋಶದ ತಳಕ್ಕೆ ಹೋಗಿ ಕೂರುತ್ವೆ, ಅದನ್ನ ನೋಡ್ಕೊಂಡು ಬೇರು ಆಕ್ಸಿನ್ ಅನ್ನೋ ಹಾರ್ಮೋನನ್ನ ಕೆಳ ಬದಿಗೆ ಹೆಚ್ಚು ಕಳಿಸುತ್ತೆ. ಬೇರಲ್ಲಿ ಆಕ್ಸಿನ್ ಜಾಸ್ತಿ ಆದ ಬದಿ ನಿಧಾನ ಬೆಳೆಯುತ್ತೆ, ಮೇಲಿನ ಬದಿ ಜೋರಾಗಿ ಬೆಳೆಯುತ್ತೆ, ಹಾಗಾಗಿ ತುದಿ ಕೆಳಕ್ಕೆ ಬಾಗುತ್ತೆ. ಮನೇಲಿ ಗಾಯಕ್ಕೆ ಹಚ್ಚೋ ಅಯೋಡಿನ್ ಇದ್ರೆ ಸ್ವಲ್ಪ ನೀರಲ್ಲಿ ಬೆರೆಸಿ, ಬೇರಿನ ತುದಿ ಒಂದು ಸೆಂಟಿಮೀಟರ್ ಕತ್ತರಿಸಿ ಕೆಲವು ನಿಮಿಷ ಅದರಲ್ಲಿ ಹಾಕಿ ತೊಳೀರಿ, ತುತ್ತತುದಿಯಲ್ಲಿ ಕಪ್ಪು ನೀಲಿ ಚುಕ್ಕೆ ಕಾಣುತ್ತೆ, ಶಾಲೆ ಮೈಕ್ರೋಸ್ಕೋಪ್ ಸಿಕ್ರೆ ಇನ್ನೂ ಚೆನ್ನ. ಅದೇ ಆ ಪಿಷ್ಟ.

ಇದು ಆಟ ಅಲ್ಲ, ಮುಂದಿನ ವಂಶವಾಹಿ (ಜೀನ್) ಕತೆ ಪೂರ್ತಿ ಈ ಬಾಗೋದರ ಮೇಲೇ ನಿಂತಿದೆ.

ಮೂರನೇದು: ಗೆಣ್ಣು ಬೇರು ಎಣಿಸಿ

ಮೊಳಕೆ ಬಂದ ಒಂದು ವಾರದೊಳಗೆ ಬುಡದ ಮೊದಲ ಗೆಣ್ಣಿಂದ ಗೆಣ್ಣು ಬೇರು ಹೊರಡುತ್ವೆ, ಸಾಮಾನ್ಯವಾಗಿ ಐದು. ಬೀಜದ ಬೇರಿನ ಮೈಮೇಲೆ ಅಷ್ಟೊತ್ತಿಗೆ ಕೂದಲಿನಷ್ಟು ಸಣ್ಣ ಕವಲು ಬೇರು ಶುರುವಾಗಿರುತ್ತೆ. ಕವಲಲ್ಲೂ ಎರಡು ಥರ ಇದೆ ಗಮನಿಸಿ, ಒಂದು ಗಿಡ್ಡ, ಸಣ್ಣ, ಮತ್ತೆ ಕವಲೊಡೆಯಲ್ಲ, ಇನ್ನೊಂದು ಉದ್ದ, ದಪ್ಪ, ಮತ್ತೆ ಮತ್ತೆ ಕವಲೊಡೆಯುತ್ತೆ. ನೀರು, ಗೊಬ್ಬರ ಹೀರೋ ಮೇಲ್ಮೈ ಹೆಚ್ಚು ಸಿಗೋದು ಈ ಕವಲುಗಳಿಂದ ಮತ್ತೆ ಅವುಗಳ ಮೇಲಿನ ಬೇರು ರೋಮದಿಂದ. ಗೆಣ್ಣು ಬೇರು ಹೆದ್ದಾರಿ ಇದ್ದಂಗೆ, ಕವಲು ಊರಿನ ಒಳದಾರಿ.

ಗೆಣ್ಣು ಬೇರು ಹುಟ್ಟೋಕೂ ವಂಶವಾಹಿ ಅಪ್ಪಣೆ ಬೇಕು. ಕಾಂಡದ ಗೆಣ್ಣಲ್ಲಿ ಆಕ್ಸಿನ್ ಸೇರಿದಾಗ ಸಿಆರ್‌ಎಲ್1 ಅನ್ನೋ ಜೀನ್ ಎಚ್ಚರ ಆಗುತ್ತೆ, ಅದು ಎದ್ದ ಮೇಲೇನೇ ಅಲ್ಲಿನ ಜೀವಕೋಶಗಳು ಬೇರಾಗೋಕೆ ಶುರು ಮಾಡೋದು. 2005ರಲ್ಲಿ ಇದನ್ನ ಗುರುತಿಸಿದ್ರು, ಅದೂ ಹೇಗೆ ಅಂದ್ರೆ ಗೆಣ್ಣು ಬೇರೇ ಬರದ ಒಂದು ವಿಚಿತ್ರ ಭತ್ತದ ಗಿಡ ಹಿಡ್ಕೊಂಡು, ಇದರಲ್ಲಿ ಏನು ಕೆಟ್ಟಿದೆ ಅಂತ ಹುಡುಕ್ತಾ ಹೋಗಿ. ಆ ಗಿಡಕ್ಕೆ ಬೀಜದ ಬೇರು ಇತ್ತು, ಗೆಣ್ಣು ಬೇರು ಇರ್ಲಿಲ್ಲ, ಅಂದ್ರೆ ಎರಡರ ಹುಟ್ಟಿನ ದಾರಿ ಬೇರೆ ಬೇರೆ ಅಂತ ಆಯ್ತು. ಆಮೇಲೆ ವಾಕ್ಸ್11 ಅಂತ ಇನ್ನೊಂದು ಸಿಕ್ತು, ಇದು ಹುಟ್ಟಿದ ಗೆಣ್ಣು ಬೇರು ಮೊಳೆತು ಬೆಳೆಯೋಕೆ ಬೇಕಾದ್ದು.

ಇಲ್ಲಿ ರೈತರಿಗೆ ನಿಜವಾಗ್ಲೂ ಉಪಯೋಗಕ್ಕೆ ಬರೋ ಒಂದು ಲೆಕ್ಕ ಇದೆ. ಒಂದು ಗೆಣ್ಣಿಂದ ಬೇರು ಹೊರಡೋದು ಅದರ ಮೇಲಿನ ಮೂರನೇ ಎಲೆ ಹೊರಬರೋ ಸಮಯಕ್ಕೆ. ಐದನೇ ಎಲೆ ಇಣುಕ್ತಾ ಇದೆ ಅಂದ್ರೆ ಬುಡದಲ್ಲಿ ಎರಡನೇ ಗೆಣ್ಣಿನ ಬೇರು ಹೊರಡ್ತಾ ಇದೆ, ಅದೇ ಗೆಣ್ಣಿನ ತೆಂಡೆಗೂ, ಅಂದ್ರೆ ಬುಡದಿಂದ ಒಡೆಯೋ ಮರಿ ಪೈರಿಗೂ, ಅದೇ ಸಮಯ. ಹಾಗಾಗಿ ಎಲೆ ಎಣಿಸಿದ್ರೆ ಮಣ್ಣೊಳಗೆ ಏನು ನಡೀತಿದೆ ಅಂತ ಅಗೆಯದೇ ಹೇಳಬಹುದು. ಒಟ್ಲಿಂದ (ಸಸಿ ಬೆಳೆಸೋ ಮಡಿಯಿಂದ) ಸಸಿ ಕೀಳೋವಾಗ ಹಳೇ ಬೇರು ಹೆಚ್ಚುಕಮ್ಮಿ ಹರಿದೇ ಹೋಗುತ್ತೆ, ಗದ್ದೇಲಿ ಪೈರು ಚೇತರಿಸ್ಕೊಳ್ಳೋದು ಮುಂದಿನ ಗೆಣ್ಣಿನ ಹೊಸ ಬೇರಿಂದ. ಶ್ರೀ ಪದ್ಧತಿಯಲ್ಲಿ 8 ರಿಂದ 12 ದಿನದ ಸಸಿಯನ್ನ ಬೀಜ, ಮಣ್ಣಿನ ಸಮೇತ ಎತ್ತಿ, 25 ಸೆಂಟಿಮೀಟರ್ ಅಂತರದಲ್ಲಿ ಒಂದೊಂದೇ ನೆಡೋದರ ಹಿಂದಿನ ಕಾರಣ ಇದೇ, ಮೇಲಿನ ಗೆಣ್ಣುಗಳು ಇನ್ನೂ ಬೇರು ಬಿಡೋ ಮೊದಲೇ ಅದನ್ನ ಅದರ ಕಾಯಂ ಜಾಗಕ್ಕೆ ಕೂರಿಸೋದು. ಮೂವತ್ತು ದಿನದ ಸಸಿ ಬುಡ ಹಿಡಿದು ಎಳೆದು, ಬೇರಿನ ಮಣ್ಣು ಕಾಲಿಗೆ ಬಡಿದು ಉದುರಿಸಿ, ಒಂದು ರಾತ್ರಿ ಬದುವಿನ ಮೇಲೆ ಬಿಟ್ಟು ನೆಟ್ರೆ ವಾರಗಟ್ಟಲೆ ಹಳದಿಯಾಗಿ ನಿಲ್ಲೋದು ಆ ಗಿಡದ ತಪ್ಪಲ್ಲ.

ನಾಲ್ಕನೇದು: ಜಾಲರಿಯಲ್ಲಿ ಕೋನ ಅಳೀರಿ

ಇದು ನನಗೆ ತುಂಬಾ ಇಷ್ಟವಾದ ಹೆಜ್ಜೆ, ಸ್ವಲ್ಪ ವಿವರವಾಗಿ ಹೇಳ್ತೀನಿ. ಅರ್ಧ ಗೋಳದ ಆಕಾರದ ಸ್ಟೀಲ್ ಜಾಲರಿ, ಬಾಯಿ ಸುಮಾರು 10 ಸೆಂಟಿಮೀಟರ್ ಅಗಲದ್ದು, ಅಡುಗೆಮನೇಲಿ ಸೋಸೋಕೆ ಇಟ್ಕೊಂಡಿರ್ತಾರಲ್ಲ ಅಂಥದ್ದು, ತಳಿಗೆ ಮೂರು ನಾಲ್ಕರಂತೆ ತನ್ನಿ. ಕಣ್ಣು ಎರಡು ಮಿಲಿಮೀಟರ್ ಆದ್ರೂ ಇರ್ಬೇಕು, ಟೀ ಸೋಸೋ ತೀರಾ ಸಣ್ಣ ಕಣ್ಣಿನದು ಬೇಡ, ಬೇರು ಸಿಕ್ಕಿಹಾಕ್ಕೊಳ್ಳುತ್ತೆ. ಜಾಲರಿಯ ಹೊರಮೈ ಮೇಲೆ, ತಳದ ನಟ್ಟ ನಡುವಿನಿಂದ ದಾರ ಹಿಡಿದು ಮೈ ಗುಂಟವೇ 3.5 ಸೆಂಟಿಮೀಟರ್ ಅಳೆದು ಸುತ್ತಲೂ ಪೇಂಟಲ್ಲಿ ಒಂದು ಬಳೆ ಬರೀರಿ. 10 ಸೆಂಟಿಮೀಟರ್ ಬಾಯಿಗೆ ಈ ಲೆಕ್ಕ, ಜಾಲರಿ ದೊಡ್ಡದಾದ್ರೆ ಅದೇ ಪ್ರಮಾಣದಲ್ಲಿ ಹೆಚ್ಚಿಸ್ಕೊಳ್ಳಿ. ಈ ಬಳೆಯ ಒಳಗೆ ಹಾದು ಹೋಗೋ ಬೇರು ಅಂದ್ರೆ ನೆಲಮಟ್ಟದಿಂದ 50 ಡಿಗ್ರಿಗಿಂತ ಕಡಿದಾಗಿ ಇಳಿದ ಬೇರು, ಬಳೆ ಮೇಲೆ ಹಾದು ಹೋದದ್ದು ಅಡ್ಡ ಹರಡೋ ಬೇರು.

ಜಾಲರಿಗೆ ಜರಡಿ ಹಿಡಿದ ಮಣ್ಣನ್ನ ಅಂಚಿನವರೆಗೂ ತುಂಬಿ, ಅದನ್ನ ಮಣ್ಣು ತುಂಬಿದ ದೊಡ್ಡ ಬಕೆಟ್ ಒಳಗೆ ಹೂತು, ಜಾಲರಿ ಬಾಯಿಯ ಸರಿಯಾಗಿ ನಡುವೆ ಒಂದೇ ಒಂದು ಮೊಳಕೆ ಬೀಜ ಮೇಲೆ ಮೇಲೆ ಊರಿ. ನಡುವೆ ಇರೋದು ಮುಖ್ಯ, ಒಂದು ಕಡೆ ಸರಿದ್ರೆ ಕೋನದ ಲೆಕ್ಕ ತಪ್ಪುತ್ತೆ. ಬಕೆಟ್ ತಳಕ್ಕೆ ತೂತು ಇರ್ಲಿ, ನೀರು ಎಲ್ಲದಕ್ಕೂ ಒಂದೇ ಥರ ಕೊಡಿ. ಐದಾರು ವಾರ ಆದ ಮೇಲೆ ಬಕೆಟ್ ನೀರಲ್ಲಿ ಮುಳುಗಿಸಿ ರಾತ್ರಿ ಬಿಟ್ಟು, ಬೆಳಗ್ಗೆ ಪೈಪಿನ ಸಣ್ಣ ಧಾರೆಯಲ್ಲಿ ಹೊರಗಿನ ಮಣ್ಣು ಕರಗಿಸಿ. ಜಾಲರಿಯಿಂದ ಹೊರಗೆ ಬಂದಿರೋ ಗೆಣ್ಣು ಬೇರನ್ನ ಒಂದೊಂದೇ ಎಣಿಸಿ, ಬಳೆ ಒಳಗೆ ಎಷ್ಟು, ಒಟ್ಟು ಎಷ್ಟು. ಒಳಗಿನದನ್ನ ಒಟ್ಟಿನಿಂದ ಭಾಗಿಸಿದ್ರೆ ಬರೋದೇ ಆಳ ಬೇರಿನ ಪ್ರಮಾಣ. ಹತ್ತರಲ್ಲಿ ಒಂದು ಬಂದ ತಳಿಗೂ ಹತ್ತರಲ್ಲಿ ಐದು ಬಂದ ತಳಿಗೂ ಏನು ವ್ಯತ್ಯಾಸ ಅಂತ ಬೇರೆ ಯಾರೂ ಹೇಳ್ಬೇಕಿಲ್ಲ, ಕಣ್ಣಿಗೇ ಕಾಣುತ್ತೆ.

ಜಪಾನಿನ ವಿಜ್ಞಾನಿಗಳು ಇದೇ ಬುಟ್ಟಿ ಲೆಕ್ಕದಲ್ಲೇ ಡ್ರೋ1 ಜೀನ್ ಹಿಡಿದಿದ್ದು. ಆಳವಾದ ಬೇರು ಅನ್ನೋದಕ್ಕೆ ಇಂಗ್ಲಿಷಲ್ಲಿ ಇಟ್ಟ ಹೆಸರಿನ ಚುಟುಕು ಅದು. ಒಂದು ಕಡೆ ಐಆರ್64, 1985ರಲ್ಲಿ ಫಿಲಿಪೀನ್ಸಲ್ಲಿ ಬಿಡುಗಡೆ ಆಗಿ ಏಷ್ಯಾ ಪೂರ್ತಿ ಹರಡಿದ ತಳಿ, ನಮ್ಮಲ್ಲೂ ಎಷ್ಟೋ ವರ್ಷ ಹಾಕಿದ್ದೀವಿ, ಅದರ ಬೇರು ಮೇಲ್ಮಟ್ಟದ್ದು. ಇನ್ನೊಂದು ಕಡೆ ಕಿನಾಂಡಾಂಗ್ ಪಾಟಾಂಗ್ ಅನ್ನೋ ಫಿಲಿಪೀನ್ಸಿನದ್ದೇ ಒಣಭೂಮಿ ತಳಿ, ಬೇರು ನೆಟ್ಟಗೆ ಇಳಿಯುತ್ತೆ. ಎರಡನ್ನೂ ಕ್ರಾಸ್ ಮಾಡಿ, ಮಕ್ಕಳು ಮೊಮ್ಮಕ್ಕಳ ಬೇರಿನ ಕೋನ ಎಣಿಸಿ, ಯಾವ ಕ್ರೋಮೋಸೋಮಿನ ತುಂಡು ಬಂದ್ರೆ ಬೇರು ಆಳಕ್ಕೆ ಹೋಗುತ್ತೆ ಅಂತ ಹುಡುಕಿದ್ರು. ಭತ್ತಕ್ಕೆ ಇರೋದು 12 ಜೊತೆ ಕ್ರೋಮೋಸೋಮ್, ಅದರಲ್ಲಿ ಒಂಬತ್ತನೇದರಲ್ಲಿ ಇದು ಸಿಕ್ತು, 2013ರಲ್ಲಿ ಪ್ರಕಟ ಆಯ್ತು. ಐಆರ್64ರಲ್ಲಿ ಆ ಜೀನಿನ ಒಂದೇ ಒಂದು ಡಿಎನ್‌ಎ ಅಕ್ಷರ ಬಿಟ್ಟುಹೋಗಿದೆ, ಅಷ್ಟಕ್ಕೇ ಅದರಿಂದ ಆಗಬೇಕಾದ ಪ್ರೋಟೀನ್ ಅರ್ಧಕ್ಕೇ ನಿಂತುಹೋಗುತ್ತೆ, ಬೇರು ಕೆಳಕ್ಕೆ ಬಾಗೋ ಚುರುಕು ಕಳ್ಕೊಳ್ಳುತ್ತೆ. ಮೇಲೆ ಪೇಪರಲ್ಲಿ ನೋಡಿದ್ರಲ್ಲ ಬಾಗೋದು, ಅದೇ ಕೆಲಸ. ಸರಿಯಿರೋ ಡ್ರೋ1 ತುಂಡನ್ನ ಸಾಮಾನ್ಯ ಕ್ರಾಸಿಂಗ್ ಮೂಲಕ ಐಆರ್64ಗೆ ಸೇರಿಸಿದಾಗ ಬೇರಿನ ಸಂಖ್ಯೆ ಜಾಸ್ತಿ ಆಗ್ಲಿಲ್ಲ, ತೂಕನೂ ಜಾಸ್ತಿ ಆಗ್ಲಿಲ್ಲ, ಕೋನ ಮಾತ್ರ ಬದಲಾಯ್ತು. ಜೋರು ಬರದಲ್ಲಿ ಮಾಮೂಲಿ ಐಆರ್64 ಕಾಳು ಕಟ್ಟೋದೇ ನಿಂತಾಗ ಈ ಹೊಸದು ಅಷ್ಟೋ ಇಷ್ಟೋ ಕಾಳು ಕೊಡ್ತು, ನೀರಿದ್ದಾಗ ಇಳುವರಿ ಕಮ್ಮಿನೂ ಆಗ್ಲಿಲ್ಲ. ಒಂದಕ್ಷರದ ಮೇಲೆ ಒಂದು ಕುಟುಂಬದ ವರ್ಷದ ಅನ್ನ ನಿಂತಿರಬಹುದು ಅಂತ ಓದಿದಾಗ ನಾನು ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಹಾಗಂತ ಆಳ ಬೇರೇ ಯಾವಾಗ್ಲೂ ಒಳ್ಳೇದು ಅಂದ್ಕೊಂಡ್ರೆ ತಪ್ಪು. 2020ರಲ್ಲಿ ಇದರ ತಮ್ಮನಂಥ ಇನ್ನೊಂದು ಜೀನ್ ಸಿಕ್ತು, ಕ್ಯುಸೋರ್1 ಅಂತ, ಇಂಡೋನೇಷ್ಯಾದ ಗೆಂಜಾ ಬೆಟಾನ್ ತಳಿಯಿಂದ. ಅಲ್ಲಿ ಜೀನ್ ಕೆಲಸ ಮಾಡಲ್ಲ, ಬೇರು ಮಣ್ಣಿನ ಮೇಲ್ಮೈ ಮೇಲೇ ಹರಿದಾಡುತ್ತೆ. ಕೇಳೋಕೆ ಕೊರತೆ ಅನ್ಸುತ್ತೆ, ಆದ್ರೆ ಉಪ್ಪು ನೀರಿನ ಗದ್ದೇಲಿ ಕೆಳಗಿನ ಮಣ್ಣಲ್ಲಿ ಆಮ್ಲಜನಕನೇ ಇರಲ್ಲ, ಅಲ್ಲಿ ಈ ಮೇಲ್ಬೇರಿನ ತಳಿಯೇ ಹೆಚ್ಚು ಕಾಳು ಕೊಡ್ತು. ನಮ್ಮ ಕುಮಟಾ ಕಡೆ ಅಘನಾಶಿನಿ ದಡದ ಗಜನಿ ಗದ್ದೇಲಿ, ಅಂದ್ರೆ ಉಪ್ಪು ನೀರು ನುಗ್ಗೋ ಗದ್ದೇಲಿ, ಕಗ್ಗ ಅನ್ನೋ ಉಪ್ಪು ತಡಿಯೋ ಭತ್ತ ಬೆಳೀತಾರಲ್ಲ, ಅಲ್ಲಿಯವರು ಯಾರಾದ್ರೂ ಈ ಜಾಲರಿ ಪ್ರಯೋಗವನ್ನ ಕಗ್ಗದ ಜೊತೆ ಒಂದು ಮಾಮೂಲಿ ತಳಿ ಇಟ್ಟು ಮಾಡಿ ನೋಡ್ಲಿ ಅಂತ ನನಗೆ ಬಹಳ ಆಸೆ.

ಐದನೇದು: ಪೈಪಲ್ಲಿ ಆಳ ನೋಡಿ

ಕೋನ ಬೇರೆ, ಕೊನೆಗೆ ಎಷ್ಟು ಆಳ ಹೋಯ್ತು ಅನ್ನೋದು ಬೇರೆ. ಇದಕ್ಕೆ ಆರಿಂಚಿನ ಪಿವಿಸಿ ಪೈಪು ಮೂರು ಅಡಿ ತಗೊಂಡು ಉದ್ದಕ್ಕೆ ಎರಡು ಸೀಳು ಮಾಡಿ, ಮತ್ತೆ ಜೋಡಿಸಿ ತಂತಿಯಲ್ಲಿ ಬಿಗೀರಿ, ತಳಕ್ಕೆ ಗೋಣಿ ಬಟ್ಟೆ ಕಟ್ಟಿ. ಗದ್ದೆ ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ ನೀರು ಹಾಕಿ ಕೂರಿಸಿ, ಒಂದು ಪೈಪಿಗೆ ಒಂದು ಗಿಡ. 45 ದಿನದವರೆಗೆ ಚೆನ್ನಾಗಿ ನೀರು ಕೊಟ್ಟು ಆಮೇಲೆ ನಿಲ್ಲಿಸಿ, ಯಾವ ತಳಿ ಎಷ್ಟನೇ ದಿನ ಎಲೆ ಸುತ್ತುತ್ತೆ ಬರೆದಿಡಿ. ಎರಡೂ ಸುತ್ತಿದ ಮೇಲೆ ಸೀಳು ಬಿಚ್ಚಿ, ಮಣ್ಣಿನ ಕಂಬವನ್ನ ಬುಡದಿಂದ 30 ಸೆಂಟಿಮೀಟರಲ್ಲಿ ಕತ್ತರಿಸಿ, ಕೆಳಗಿನ ಭಾಗದ ಬೇರು ಬೇರೆಯಾಗಿ ತೊಳೆದು ಒಣಗಿಸಿ ತೂಗಿ. ಬರಗಾಲದಲ್ಲಿ ಗಿಡ ಉಳಿಸೋದು ಆ 30ರ ಕೆಳಗಿನ ಬೇರು, ಮೇಲಿನದು ಎಷ್ಟು ಪೊದೆ ಇದ್ರೂ ಒಣಗಿದ ಮಣ್ಣಲ್ಲಿ ಏನೂ ಸಿಗಲ್ಲ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಇಂಥ ಪೈಪುಗಳಲ್ಲೇ ಭತ್ತದ ಬೇರಿನ ಕೆಲಸ ವರ್ಷಗಟ್ಟಲೆ ನಡೆದಿದೆ. ಐಆರ್64 ಜೊತೆ ಅಝುಸೆನಾ ಅನ್ನೋ ಆಳ ಬೇರಿನ ತಳಿ ಕ್ರಾಸ್ ಮಾಡಿದ ಸಂತತಿಯಲ್ಲಿ ಬೇರಿನ ಗುಣ ಯಾವ ಯಾವ ಕ್ರೋಮೋಸೋಮಲ್ಲಿದೆ ಅಂತ ಅಲ್ಲಿ ಹುಡುಕಿದ್ದಾರೆ, ಕಮ್ಮಿ ನೀರಲ್ಲಿ ಕೆಸರು ಮಾಡದೆ ಬೆಳೆಯೋ ಏರೋಬಿಕ್ ಭತ್ತದ ತಳಿ ಎಂಎಎಸ್ 946-1 ಅಲ್ಲಿಂದಲೇ 2007ರಲ್ಲಿ ಬಂತು. ಇದು ಕುಲಾಂತರಿನಾ ಅಂತ ಕೇಳೋರಿದ್ದಾರೆ, ಅಲ್ಲ. ಮಾಮೂಲಿ ಕ್ರಾಸಿಂಗೇ, ಆದ್ರೆ ಸಸಿಯ ಎಲೆ ಚೂರು ತಗೊಂಡು ಡಿಎನ್‌ಎ ಗುರುತು ನೋಡಿ, ಬೇಕಾದ ತುಂಡು ಬಂದಿರೋ ಸಸಿಯನ್ನ ಮಾತ್ರ ಮುಂದಕ್ಕೆ ಬೆಳೆಸ್ತಾರೆ. ಪ್ರತಿ ಗಿಡದ ಬೇರು ಅಗೆದು ನೋಡೋ ಕಷ್ಟ ಅಲ್ಲಿ ತಪ್ಪುತ್ತೆ, ಅಷ್ಟೇ.

ಆರನೇದು: ಗದ್ದೇಲಿ ಅಗೀರಿ

ಬಕೆಟ್, ಪೈಪಲ್ಲಿ ಎಷ್ಟು ನೋಡಿದ್ರೂ ನಿಜ ಗೊತ್ತಾಗೋದು ಗದ್ದೇಲೇ. ಎರಡು ಸಲ ಅಗೀರಿ, ತೆಂಡೆ ತುಂಬಿದಾಗ ಒಂದು ಸಲ, ತೆನೆ ಹೊರಬರೋವಾಗ ಇನ್ನೊಂದು ಸಲ. ತೆನೆ ಬರೋ ಹೊತ್ತಿಗೆ ಬೇರಿನ ಬೆಳವಣಿಗೆ ತುದಿ ಮುಟ್ಟಿರುತ್ತೆ, ಆಮೇಲೆ ಗಿಡದ ಗಮನವೆಲ್ಲಾ ಕಾಳಿನ ಕಡೆಗೆ, ಹಾಗಾಗಿ ಅಲ್ಲಿವರೆಗೆ ಆಗದ ಬೇರು ಆಮೇಲೆ ಆಗಲ್ಲ. ಬದುವಿನ ಪಕ್ಕದ್ದು ಬೇಡ, ಒಳಗಿನ ಗುಣಿ (ಒಂದು ಕಡೆ ನೆಟ್ಟ ಪೈರಿನ ಬುಡ) ಆರಿಸಿ. ಗುಣಿಯ ಸುತ್ತ ಒಂದು ಗೇಣು ಬಿಟ್ಟು ಸಲಿಕೆ ನೆಟ್ಟಗೆ ಹೊಡೆದು, ಮಣ್ಣಿನ ಇಟ್ಟಿಗೆ ಥರ ಎತ್ತಿ ಬಕೆಟಲ್ಲಿ ರಾತ್ರಿ ನೆನೆಸಿ, ಕೈಯಲ್ಲಿ ಎಳೀಬೇಡಿ, ನೀರೇ ಬಿಡಿಸ್ಲಿ. ಎಳೆದ್ರೆ ಕವಲು ಬೇರೆಲ್ಲಾ ಮಣ್ಣಲ್ಲೇ ಉಳಿಯುತ್ತೆ, ಕೈಗೆ ಬರೋದು ದಾರ ಮಾತ್ರ.

ಗುಂಡಿಯ ಗೋಡೆನೂ ನೋಡಿ, ಜನ ಇದನ್ನೇ ಬಿಟ್ಬಿಡ್ತಾರೆ. ವರ್ಷ ವರ್ಷ ಕೆಸರು ಉಳುಮೆ ಮಾಡಿದ ಗದ್ದೇಲಿ ಮುಕ್ಕಾಲು ಅಡಿ ಆಸುಪಾಸಲ್ಲಿ ಒಂದು ಗಟ್ಟಿ ಪದರ ಸಿಗುತ್ತೆ, ಚಾಕು ಚುಚ್ಚಿದ್ರೆ ಅಲ್ಲಿ ತಡೆಯುತ್ತೆ. ಬೇರು ಅಲ್ಲಿಗೆ ಬಂದು ಉಬ್ಬಿ ಅಡ್ಡ ತಿರುಗಿದ್ರೆ ನಿಮ್ಮ ತಳಿಯಲ್ಲಿ ಎಂಥ ಒಳ್ಳೆ ಡ್ರೋ1 ಇದ್ರೂ ಪ್ರಯೋಜನ ಕಮ್ಮಿ. ಬೇರಿಗೆ ತೂರೋ ಬಲ ಇಲ್ಲದೆ ನಿಲ್ಲುತ್ತೆ ಅಂತ ಮುಂಚೆ ಅಂದ್ಕೊಂಡಿದ್ರು, 2021ರಲ್ಲಿ ಬೇರೆ ವಿಷಯ ಹೊರಬಂತು. ಬೇರು ಎಥಿಲೀನ್ ಅನ್ನೋ ಅನಿಲ ಬಿಡ್ತಾ ಇರುತ್ತೆ, ಸಡಿಲ ಮಣ್ಣಲ್ಲಿ ಅದು ಹರಡಿ ಹೋಗುತ್ತೆ, ಒತ್ತೊತ್ತು ಮಣ್ಣಲ್ಲಿ ಬೇರಿನ ಸುತ್ತಲೇ ನಿಂತುಬಿಡುತ್ತೆ, ಅದನ್ನೇ ಸುಳಿವು ಮಾಡ್ಕೊಂಡು ಬೇರು ತಾನೇ ಬೆಳವಣಿಗೆ ನಿಲ್ಲಿಸುತ್ತೆ. ಎಥಿಲೀನ್ ಸುಳಿವು ತಿಳಿಯದ ಭತ್ತದ ಗಿಡಗಳ ಬೇರು ಗಟ್ಟಿ ಮಣ್ಣಲ್ಲೂ ತೂರ್ಕೊಂಡು ಹೋಯ್ತು. ನೀರು ನಿಲ್ಲಿಸೋ ಗದ್ದೆಗೆ ಆ ಪದರ ಬೇಕು, ಇಲ್ದಿದ್ರೆ ನೀರು ಇಂಗಿ ಹೋಗುತ್ತೆ, ಒಣ ಬಿತ್ತನೆಗೆ ಅದೇ ಶತ್ರು. ಪದ್ಧತಿ ಬದಲಾಯಿಸೋರು ಮೊದಲು ಈ ಗೋಡೆ ನೋಡ್ಬೇಕು.

ಏಳನೇದು: ಬಣ್ಣ, ವಾಸನೆ ಓದಿ

ತೊಳೆದ ಬೇರನ್ನ ಬಿಳಿ ತಟ್ಟೆ ಮೇಲೆ ನೀರಲ್ಲಿ ಹರಡಿ. ಬಿಳಿ ತುದಿಗಳು ಅಂದ್ರೆ ಹೊಸ ಬೇರು, ಕೆಲಸ ನಡೀತಿದೆ. ಕಿತ್ತಳೆ, ಕಂದು ಬಣ್ಣ ಕಂಡ್ರೆ ಗಾಬರಿ ಬೇಡ, ಅದು ಕಬ್ಬಿಣದ ತುಕ್ಕಿನ ಲೇಪ. ಬೇರು ತನ್ನೊಳಗಿಂದ ಆಮ್ಲಜನಕ ಹೊರಗೆ ಬಿಡ್ತಿದೆ, ಅದು ಕೆಸರಿನ ಕಬ್ಬಿಣಕ್ಕೆ ತಾಗಿ ತುಕ್ಕಾಗಿದೆ, ಅಂದ್ರೆ ಗಾಳಿ ವ್ಯವಸ್ಥೆ ಚೆನ್ನಾಗಿದೆ ಅಂತ. ಆ ಗಾಳಿ ಕೊಳವೆ ನೋಡ್ಬೇಕಾದ್ರೆ ಒಂದು ದಪ್ಪ ಬೇರನ್ನ ತುದಿಯಿಂದ ಐದಾರು ಸೆಂಟಿಮೀಟರ್ ಮೇಲೆ ಹೊಸ ಬ್ಲೇಡಲ್ಲಿ ಅಡ್ಡ ಕೊಯ್ದು ಭೂತಗನ್ನಡಿ ಹಿಡೀರಿ, ತಾವರೆ ದಂಟಿನ ಥರ ಸುತ್ತ ಟೊಳ್ಳು ಟೊಳ್ಳು. ಜೀವಕೋಶಗಳು ತಾವೇ ಸತ್ತು ಜಾಗ ಬಿಟ್ಟುಕೊಟ್ಟು ಆದ ದಾರಿ ಅದು, ಎಲೆಯಿಂದ ಗಾಳಿ ಅದರಲ್ಲೇ ಇಳಿದು ಬರೋದು. ನೀರು ನಿಂತ ಗದ್ದೇಲಿ ಭತ್ತ ಬದುಕಿ ರಾಗಿ ಕೊಳೆಯೋದಕ್ಕೆ ದೊಡ್ಡ ಕಾರಣ ಇದು.

ಕಪ್ಪು ಬೇರು, ಕೊಳೆತ ಮೊಟ್ಟೆ ವಾಸನೆ ಬಂದ್ರೆ ಮಾತ್ರ ಅವತ್ತೇ ಕೆಲಸ ಮಾಡಿ. ಅದು ಗಂಧಕದ ವಿಷ ಅನಿಲ, ಹಸಿರು ಸೊಪ್ಪು ಹಸಿಹಸಿಯಾಗೇ ತುಳಿದು ಕೊಳೆಯೋಕೆ ಬಿಡದೆ ನಾಟಿ ಮಾಡಿದಾಗ, ನೀರು ಒಂದೇ ಸಮ ನಿಂತಾಗ ಬರುತ್ತೆ. ನೀರು ಪೂರ್ತಿ ಬಸಿದು, ಕೆಸರು ಕೂದಲೆಳೆ ಬಿರುಕು ಬಿಡೋವರೆಗೆ ಒಣಗಿಸಿ ಮತ್ತೆ ನೀರು ಕಟ್ಟಿ. ಹತ್ತು ದಿನ ಬಿಟ್ಟು ಇನ್ನೊಂದು ಗುಣಿ ಕಿತ್ತು ಬಿಳಿ ತುದಿ ಬಂದಿದೆಯಾ ನೋಡಿ. ಈ ಸ್ಥಿತೀಲಿ ಯೂರಿಯಾ ಎರಚಿದ್ರೆ ದುಡ್ಡು ಹೋಗುತ್ತೆ, ಹೀರೋ ಬೇರೇ ಇಲ್ಲದಾಗ ಗೊಬ್ಬರ ಯಾರಿಗೆ?

ಬೇರು ಬರೀ ನೀರು ಕುಡಿಯೋ ಕೊಳವೆ ಅಲ್ಲ, ಏನು ಒಳಗೆ ಬಿಡ್ಬೇಕು ಅಂತ ಬಾಗಿಲು ಕಾಯುತ್ತೆ. 2006ರಲ್ಲಿ ಸಿಕ್ಕ ಎಲ್‌ಎಸ್‌ಐ1 ಜೀನ್ ಮಣ್ಣಿಂದ ಸಿಲಿಕಾನ್ ಒಳಗೆ ತರೋ ಬಾಗಿಲು, ಭತ್ತದ ಎಲೆ ಅಂಚು ಕೈ ಕೊಯ್ಯೋದು, ಹೊಟ್ಟು ಅಷ್ಟು ಗಡುಸಾಗಿರೋದು, ಪೈರು ನೆಟ್ಟಗೆ ನಿಲ್ಲೋದು ಆ ಸಿಲಿಕಾನಿಂದ. ಕಷ್ಟ ಏನಂದ್ರೆ ನೀರು ನಿಂತ ಮಣ್ಣಿನ ಆರ್ಸೆನಿಕ್ಕೂ ಇದೇ ಬಾಗಿಲಲ್ಲಿ ನುಸುಳುತ್ತೆ, ಬಂಗಾಳದ ಕಡೆ ಬೋರ್‌ವೆಲ್ ನೀರಿನ ಗದ್ದೆಗಳಲ್ಲಿ ಇದು ದೊಡ್ಡ ಚಿಂತೆ.

ರಂಜಕದ ಕತೆನೂ ಒಂದು ಮಾತು ಹೇಳ್ಬೇಕು. ಕಸಲಾತ್ ಅನ್ನೋ ಹಳೇ ತಳಿ ರಂಜಕ ಕಮ್ಮಿ ಇರೋ ಮಣ್ಣಲ್ಲೂ ಚೆನ್ನಾಗಿ ಬರ್ತಿತ್ತು. ಯಾಕೆ ಅಂತ ಹುಡುಕಿ 2012ರಲ್ಲಿ ಪಿಸ್ಟಾಲ್1 ಜೀನ್ ಹಿಡಿದ್ರು, ಸಸಿ ಚಿಕ್ಕದಿರುವಾಗಲೇ ಬೇರು ಜೋರಾಗಿ ಬೆಳೆಸೋದು ಅದರ ಕೆಲಸ. 2005ರಲ್ಲಿ ಭತ್ತದ ಪೂರ್ತಿ ಜೀನ್ ನಕ್ಷೆ ಮಾಡಿದ್ದು ನಿಪ್ಪೊನ್‌ಬಾರೆ ಅನ್ನೋ ಜಪಾನಿ ತಳಿಯದ್ದು, ಆ ನಕ್ಷೇಲಿ ಈ ಜೀನೇ ಇರ್ಲಿಲ್ಲ, ಯಾಕಂದ್ರೆ ಆ ತಳಿಯಲ್ಲೇ ಇಲ್ಲ. ಹಳೇ ತಳಿ ಬೀಜ ಕಳ್ಕೊಂಡ್ರೆ ಏನೇನು ಹೋಗುತ್ತೆ ಅನ್ನೋದು ನಮಗೆ ಗೊತ್ತೇ ಆಗಲ್ಲ, ಅದಕ್ಕೇ ಮನೇಲಿ ಒಂದು ಸೇರು ನಾಡ ಭತ್ತ ಇದ್ರೂ ದಯವಿಟ್ಟು ವರ್ಷ ವರ್ಷ ಒಂದು ಮೂಲೇಲಿ ಹಾಕಿ ಉಳಿಸಿ.

ಕೊನೇದು: ನಿಮ್ಮ ನೀರಿಗೆ ಯಾವ ಬೇರು

ವರ್ಷಪೂರ್ತಿ ನೀರು ನಿಲ್ಲೋ ತಗ್ಗು ಗದ್ದೆ ಆದ್ರೆ ಆಳ ಬೇರಿಗಾಗಿ ಒದ್ದಾಡಬೇಡಿ, ಕವಲು ಜಾಸ್ತಿ ಇರೋ, ಟೊಳ್ಳು ಚೆನ್ನಾಗಿರೋ, ಮೇಲ್ಪದರ ತುಂಬಾ ಹರಡೋ ಬೇರು ಸಾಕು, ರಂಜಕ ಇರೋದೂ ಹೆಚ್ಚಾಗಿ ಮೇಲ್ಪದರದಲ್ಲೇ. ಮಳೆ ನಂಬಿದ ಒಣ ಬಿತ್ತನೆ ಆದ್ರೆ ಜಾಲರಿಯ ಬಳೆ ಒಳಗೆ ಹೆಚ್ಚು ಬೇರು ಬಿಟ್ಟದ್ದು, ಪೈಪಲ್ಲಿ 30 ಸೆಂಟಿಮೀಟರ್ ಕೆಳಗೆ ತೂಕ ಬಂದದ್ದು ಆರಿಸಿ. ನಮ್ಮಂಗೆ ಕಟ್ಟು ನೀರಿನವರಾದ್ರೆ ಎರಡರ ಮಧ್ಯದ್ದು, ಅದರ ಜೊತೆ ನೀರು ಕೊಡೋ ರೀತಿನೂ ಬದಲಾಯಿಸ್ಕೊಳ್ಳಿ. 30 ಸೆಂಟಿಮೀಟರ್ ಉದ್ದದ ಪೈಪಿನ ಅರ್ಧಕ್ಕೆ ಸುತ್ತಲೂ ತೂತು ಹೊಡೆದು, ಆ ಭಾಗ ಮಣ್ಣೊಳಗೆ ಹೂತು, ಒಳಗಿನ ಮಣ್ಣು ತೆಗೆದುಬಿಡಿ. ನಾಟಿ ಆಗಿ ಎರಡು ವಾರದ ಮೇಲೆ, ಪೈಪೊಳಗೆ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿದಾಗ ಮತ್ತೆ ನೀರು ಕಟ್ಟಿ. ಬೇರು ಅಲ್ಲಿವರೆಗೂ ಇದೆ ಅಂತ ಗುಂಡೀಲಿ ನೀವೇ ನೋಡಿರ್ತೀರಲ್ಲ, ಹಾಗಾಗಿ ಮೇಲೆ ನೀರು ಕಾಣ್ತಿಲ್ಲ ಅಂತ ಹೆದರಬೇಕಿಲ್ಲ. ಹೊಡೆ ಬಂದು ಹೂ ಆಗೋ ದಿನಗಳಲ್ಲಿ ಮಾತ್ರ ಈ ಲೆಕ್ಕ ಬಿಟ್ಟು ತೆಳುವಾಗಿ ನೀರು ನಿಲ್ಲಿಸಿ, ಆಗ ಒಣಗಿಸಿದ್ರೆ ಜೊಳ್ಳಾಗುತ್ತೆ.

ತೊಳೆದ ಬೇರಿನ ಫೋಟೋ ತೆಗೆಯೋವಾಗ ಪಕ್ಕದಲ್ಲಿ ಸ್ಕೇಲ್ ಇಟ್ಟು, ತಳಿ ಹೆಸರು, ನಾಟಿ ತಾರೀಖು, ಅಗೆದ ತಾರೀಖು, ಕೊನೇ ನೀರು ಬಿಟ್ಟು ಎಷ್ಟು ದಿನ ಆಗಿತ್ತು ಅಂತ ಒಂದು ಚೀಟಿ ಬರೆದು ಅದನ್ನೂ ಫೋಟೋ ಒಳಗೇ ಬರೋ ಹಾಗೆ ಇಡಿ. ಮುಂದಿನ ವರ್ಷ ಒಟ್ಲು ಹಾಕೋ ಮೊದಲು ಅಂಗಡಿಗೆ ಹೋಗುವಾಗ ಆ ಫೋಟೋ ಮೊಬೈಲಲ್ಲಿ ಇರ್ಲಿ.